ಬಾರ್ ಒತ್ತಿ ಬಿಟ್ಟರೆ ಶ್ರುತಿ ವಾಪಸ್ ಬರುತ್ತಾ? ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರ್ ನೋಡಿ ತರುವ ಬಗೆ

ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೋದಾಗ ಆಂಪ್‌ಗೆ ಪ್ಲಗ್ ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಮೊದಲು ಅದೇ ಆಗುತ್ತದೆ. ಒಳ್ಳೆ ಆಂಪ್, ಸ್ವಲ್ಪ ರಿವರ್ಬ್, ಮೇಲೊಂದಿಷ್ಟು ಡಿಸ್ಟಾರ್ಷನ್. ಕೇಳಿದ ತಕ್ಷಣ ಮನಸ್ಸು ಸೋತುಹೋಗುತ್ತದೆ. ಆದರೆ ಆಗ ಕಿವಿಗೆ ಬೀಳುವುದು ಜಾಸ್ತಿ ಆಂಪ್‌ನ ಸದ್ದು. ಗಿಟಾರ್ ಹೇಗಿದೆ ಅನ್ನುವುದು ಪ್ಲಗ್ ಹಾಕದೆ, ಒಂದು ಸ್ಟೂಲ್ ಮೇಲೆ ಕೂತು ಕೈಯಲ್ಲಿ, ಕಣ್ಣಲ್ಲಿ ನೋಡಿದರೆ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ತ್ಯಾಗರಾಜನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಯಾರದಾದರೂ ಒಂದು ಗಿಟಾರ್ ಮಲಗಿರುವುದು ಮಾಮೂಲು. ರಿಪೇರಿ ನನ್ನ ಕಸುಬಲ್ಲ, ಇಷ್ಟದ ಕೆಲಸ. ಗೆಳೆಯರ ಮಕ್ಕಳು, ಆಫೀಸಿನವರು, ಪಕ್ಕದ ಬೀದಿಯ ಕಾಲೇಜು ಹುಡುಗರು ತಂದುಕೊಡುತ್ತಾರೆ. ಹೆಚ್ಚಿನವು 10 ಸಾವಿರದಿಂದ 30 ಸಾವಿರ ರೂಪಾಯಿ ಒಳಗಿನವು. ಬ್ರಿಡ್ಜ್, ಅಂದರೆ ದೇಹದ ಮೇಲೆ ತಂತಿಗಳು ಕೂರುವ ಲೋಹದ ತಟ್ಟೆ, ಅದಕ್ಕೆ ಸಿಕ್ಕಿಸಿ ಸ್ವರ ತೂಗಿಸುವ ಕೋಲೇ ಬಾರ್. ಹೆಚ್ಚಿನವರ ದೂರೂ ಅದರದೇ: ‘ಆ ಬಾರ್ ಒಂದು ಸಲ ಒತ್ತಿದರೆ ಸಾಕು, ಶ್ರುತಿ ಹೋಗುತ್ತೆ. ಕಡಿಮೆ ರೇಟಿನ ಗಿಟಾರ್ ಅಲ್ವಾ, ಅದಕ್ಕೇ.’

ಈ ಮಾತನ್ನು ನಾನು ಒಪ್ಪುವುದಿಲ್ಲ. ಶ್ರುತಿ ಕೆಡುವುದು ಬೆಲೆಯಿಂದಲ್ಲ. ಎಲ್ಲೋ ಒಂದು ಕಡೆ ಏನೋ ಸಿಕ್ಕಿಕೊಳ್ಳುವುದರಿಂದ. ತಂತಿಯಾಗಲಿ, ಬ್ರಿಡ್ಜ್ ಆಗಲಿ, ಜರುಗಿದ ಮೇಲೆ ಹೊರಟ ಜಾಗಕ್ಕೇ ವಾಪಸ್ ಬರಬೇಕು. ಕೂದಲೆಳೆಯಷ್ಟು ಆಚೆ ಈಚೆ ನಿಂತರೂ ಶ್ರುತಿ ಬಿಟ್ಟುಹೋಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡೇ. ಎಲ್ಲಿ ಸಿಕ್ಕಿಕೊಳ್ಳುತ್ತಿದೆ? ಅದನ್ನು ಮನೆಯಲ್ಲೇ ಸರಿ ಮಾಡಬಹುದಾ? ಎರಡನೆಯದಕ್ಕೆ ‘ಹೌದು’ ಅನ್ನುವ ಉತ್ತರ ಸಿಕ್ಕರೆ ಕಡಿಮೆ ಬೆಲೆಯ ಗಿಟಾರ್ ಧೈರ್ಯವಾಗಿ ತರಬಹುದು.

ಮೊದಲು ನೆಕ್

ಗಿಟಾರ್‌ನಲ್ಲಿ ತಂತಿ, ನಟ್, ಸ್ಪ್ರಿಂಗ್, ಸ್ವಿಚ್, ಕೊನೆಗೆ ತಂತಿಯ ಕಂಪನ ಹಿಡಿಯುವ ಪಿಕಪ್ ಕೂಡ ಮುಂದೆ ಯಾವಾಗ ಬೇಕಾದರೂ ಬದಲಾಯಿಸಬಹುದು. ನೆಕ್, ಅಂದರೆ ಕೈಯಲ್ಲಿ ಹಿಡಿಯುವ ಉದ್ದನೆ ಕತ್ತು, ಹಾಗಲ್ಲ. ಅದು ತಿರುಚಿಕೊಂಡಿದ್ದರೆ ಆ ಬೆಲೆಯ ಗಿಟಾರ್‌ಗೆ ರಿಪೇರಿ ಖರ್ಚು ಹೊಂದುವುದೇ ಇಲ್ಲ. ಆದ್ದರಿಂದ ಮೊದಲು ಅದನ್ನೇ ನೋಡಿ.

ಬಡಗಿಗಳು ಹಲಗೆ ನೋಡುವುದನ್ನು ನೋಡಿದ್ದೀರಲ್ಲ, ಒಂದು ಕಣ್ಣು ಮುಚ್ಚಿ, ಅಂಚಿನ ಉದ್ದಕ್ಕೂ? ಹಾಗೇ ಬ್ರಿಡ್ಜ್ ಕಡೆಯಿಂದ ನೆಕ್‌ನ ಎರಡೂ ಅಂಚುಗಳನ್ನು ನೋಡಿ. ಎರಡೂ ಒಂದೇ ತರಹ ತುಸು ಮುಂದಕ್ಕೆ ಬಾಗಿದ್ದರೆ ಚಿಂತೆಯಿಲ್ಲ. ಒಳಗಿರುವ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳನ್ನು ಕಾಲು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ದಪ್ಪ ತಂತಿಯ ಕಡೆ ಒಂದು ತರಹ, ತೆಳು ತಂತಿಯ ಕಡೆ ಇನ್ನೊಂದು ತರಹ ಬಾಗಿದ್ದರೆ ಅದು ತಿರುಚು. ಆ ಗಿಟಾರ್ ವಾಪಸ್ ಕೊಟ್ಟುಬಿಡಿ.

ಬಾಗು ಎಷ್ಟಿರಬೇಕು ಅನ್ನುವುದಕ್ಕೂ ಒಂದು ಸುಲಭದ ಲೆಕ್ಕ ಇದೆ. ನೆಕ್ ಮೇಲೆ ಅಡ್ಡಡ್ಡ ಇರುವ ಲೋಹದ ಪಟ್ಟಿಗಳೇ ಫ್ರೆಟ್. ದಪ್ಪ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ, ನೆಕ್ ದೇಹಕ್ಕೆ ಸೇರುವ ಜಾಗದಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.25 ಮಿ.ಮೀ. ಸಂದು ಇರಬೇಕು. ಎರಡು ಮೂರು ಪ್ರಿಂಟರ್ ಹಾಳೆಯಷ್ಟು ಅಂದುಕೊಳ್ಳಿ.

ಆಮೇಲೆ ನೆಕ್‌ನ ಅಂಚಿನ ಮೇಲೆ ಅಂಗೈ ಸವರಿ. ಫ್ರೆಟ್ ತುದಿಗಳು ಗರಗಸದ ಹಲ್ಲಿನಂತೆ ಚುಚ್ಚುತ್ತವಾ? ಬೆಂಗಳೂರಿನಲ್ಲಿ ಈ ತೊಂದರೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಜಾಸ್ತಿ ಕಾಣುತ್ತದೆ. ಈ ಬೆಲೆಯ ಗಿಟಾರ್‌ಗಳಲ್ಲಿ ಬಹಳಷ್ಟು ಇಂಡೋನೇಷ್ಯಾ, ಚೀನಾದಲ್ಲಿ ತಯಾರಾಗುತ್ತವೆ. ಇಂಡೋನೇಷ್ಯಾದ ಗಾಳಿಯಲ್ಲಿ ತೇವ ಜಾಸ್ತಿ. ನಮ್ಮ ಊರಿನ ಮಾರ್ಚ್ ಮಧ್ಯಾಹ್ನದ ಒಣ ಗಾಳಿಗೆ ಬಂದ ಮೇಲೆ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಫ್ರೆಟ್ ತುದಿ ಹೊರಗೆ ಇಣುಕುತ್ತದೆ. ಇದು ತಯಾರಿಕೆಯ ಮೋಸವೇನಲ್ಲ. ಸಣ್ಣ ಅರದಿಂದ ಒಂದು ಸಂಜೆಯಲ್ಲಿ ಸರಿಮಾಡುವ ಕೆಲಸ. ಬೆಲೆ ಇಳಿಸಿ ಕೇಳಲು ಒಂದು ಕಾರಣವೂ ಹೌದು.

ಫ್ರೆಟ್‌ಗಳ ಎತ್ತರ ಇದಕ್ಕಿಂತ ಮುಖ್ಯ. ಜೇಬಿನಲ್ಲಿರುವ ಎಟಿಎಂ ಕಾರ್ಡ್ ತೆಗೆಯಿರಿ. ಅದರ ಅಂಚನ್ನು ತಂತಿಗಳ ನಡುವೆ, ಮೂರು ಫ್ರೆಟ್‌ಗಳ ಮೇಲೆ ಮಾತ್ರ ಕೂರುವಂತೆ ನಿಲ್ಲಿಸಿ ಅಲ್ಲಾಡಿಸಿ. ಕಾಲು ಸಮ ಇಲ್ಲದ ಕುರ್ಚಿಯ ಹಾಗೆ ಟಕ ಟಕ ಅಂದರೆ ನಡುವಿನ ಫ್ರೆಟ್ ಎತ್ತರವಾಗಿದೆ. ಹಾಗೇ ಮೂರು ಮೂರಾಗಿ ಕೆಳಗಿನ ತನಕ ಬನ್ನಿ. ಒಂದೆರಡು ಕಡೆ ಇದ್ದರೆ ಪರವಾಗಿಲ್ಲ. ಆರೇಳು ಕಡೆ ಇದ್ದರೆ ಬೇಡ. ಫ್ರೆಟ್ ಲೆವೆಲ್ ಮಾಡಿಸಲು ಕೈ ಪಳಗಿದವರು ಬೇಕು, ಕೂಲಿಯೂ ಗಿಟಾರ್ ಬೆಲೆಗೆ ಹೋಲಿಸಿದರೆ ಜಾಸ್ತಿಯಾಗುತ್ತದೆ. ಕೊನೆಗೆ ತೆಳು ಇ ತಂತಿಯನ್ನು 12ರಿಂದ 15ನೇ ಫ್ರೆಟ್‌ಗಳಲ್ಲಿ ಒತ್ತಿ ಒಂದು ಸ್ವರ ಮೇಲಕ್ಕೆ ಎಳೆಯಿರಿ. ಎಳೆಯುವಾಗ ನಾದ ಫಕ್ಕನೆ ಸತ್ತರೆ ಮುಂದಿನ ಯಾವುದೋ ಫ್ರೆಟ್ ಎದ್ದಿದೆ ಅಂತ ಅರ್ಥ.

ನಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ತಲೆಯ ಕಡೆ ತಂತಿಗಳು ಕೂರುವ ಆ ಬಿಳಿ ಪಟ್ಟಿ. ಕಾರ್ಖಾನೆಯಿಂದ ಬರುವಾಗ ಅದರ ಸೀಳುಗಳನ್ನು ಎತ್ತರವಾಗೇ ಬಿಟ್ಟಿರುತ್ತಾರೆ, ಆಳ ಜಾಸ್ತಿಯಾದರೆ ತಂತಿ ಜುಂಯ್‌ಗುಡುತ್ತದೆ ಅಂತ. ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿದಾಗ ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟು ಸಂದು ಸಾಕು. ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿಯುವ ಹೊತ್ತಿಗೆ ಬೆರಳು ಸೋತುಹೋಗುತ್ತದೆ. ಹಿಡಿದರೂ ಸ್ವರ ಮೇಲಕ್ಕೆ ಸರಿದಿರುತ್ತದೆ. ‘ನನ್ನ ಕೈಲಿ ಆಗಲ್ಲ’ ಅಂತ ಗಿಟಾರ್ ಬಿಟ್ಟ ಎಷ್ಟೋ ಮಕ್ಕಳಿಗೆ ತಪ್ಪು ತಮ್ಮ ಬೆರಳಿನದಲ್ಲ, ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್‌ನದು ಎಂದು ಹೇಳುವವರೇ ಇರಲಿಲ್ಲ. ನನಗೆ ಬೇಜಾರಾಗುವ ವಿಷಯ ಇದು. ಸೀಳನ್ನು ತುಸು ಆಳ ಮಾಡಿದರೆ ಅದೇ ಗಿಟಾರ್ ಬೇರೆಯದೇ ಅನ್ನಿಸುತ್ತದೆ.

ಟ್ರೆಮೊಲೊ ಅಂದರೆ ಒಂದು ತಕ್ಕಡಿ

ಈಗ ಆ ಬಾರ್ ಕಡೆಗೆ ಬರೋಣ. ಟ್ರೆಮೊಲೊ ಅನ್ನುವ ಹೆಸರೇ ತಪ್ಪು. ಸಂಗೀತದಲ್ಲಿ ಟ್ರೆಮೊಲೊ ಅಂದರೆ ಸದ್ದು ಜೋರು ಮೆಲ್ಲಗೆ ಆಗುವುದು. ಸ್ವರವೇ ಮೇಲೆ ಕೆಳಗೆ ತೂಗಿದರೆ ಅದು ವೈಬ್ರೇಟೊ. 1954ರಲ್ಲಿ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಗಿಟಾರ್ ಜೊತೆ ಈ ಬ್ರಿಡ್ಜ್ ತಂದ ಲಿಯೊ ಫೆಂಡರ್ ಇದನ್ನು ಟ್ರೆಮೊಲೊ ಎಂದು ಕರೆದರು, ಹೆಸರು ಹಾಗೇ ನಿಂತಿತು. ಫೆಂಡರ್ ಮೊದಲು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಗಿಟಾರ್ ನುಡಿಸಲು ಕಲಿಯಲೇ ಇಲ್ಲ. ಆದರೂ ಅವರು ಮಾಡಿದ ಈ ಉಪಾಯವನ್ನೇ ಇವತ್ತಿಗೂ ಕಡಿಮೆ ಬೆಲೆಯ ಹೆಚ್ಚಿನ ಗಿಟಾರ್‌ಗಳಲ್ಲಿ ನೋಡುತ್ತೇವೆ.

ಉಪಾಯ ಸರಳ. ಬ್ರಿಡ್ಜ್ ಒಂದು ಲೋಹದ ತಟ್ಟೆ. ಅದರ ಮುಂದಿನ ಅಂಚು ಕೆಲವು ಸ್ಕ್ರೂಗಳಿಗೆ ಆತುಕೊಂಡು ಬಾಗಿಲಿನ ಕೀಲಿನಂತೆ ತೂಗುತ್ತದೆ. ತಟ್ಟೆಯ ಕೆಳಗೆ ದೇಹದ ಒಳಕ್ಕೆ ಇಳಿದ ದಪ್ಪ ಲೋಹದ ತುಂಡು ಬ್ಲಾಕ್. ತಂತಿಗಳು ಅದರೊಳಗಿಂದ ಮೇಲೆ ಬರುತ್ತವೆ. ಬ್ಲಾಕ್‌ನ ಕೆಳತುದಿಗೆ ಹಿಂದಿನಿಂದ ಮೂರರಿಂದ ಐದು ಸ್ಪ್ರಿಂಗ್. ತಂತಿಗಳು ಬ್ರಿಡ್ಜನ್ನು ತಲೆಯ ಕಡೆ ಎಳೆಯುತ್ತವೆ, ಸ್ಪ್ರಿಂಗ್‌ಗಳು ಅದನ್ನು ತಡೆದು ವಾಪಸ್ ತಿರುಗಿಸುತ್ತವೆ. ಗಾಂಧಿಬಜಾರಿನ ತರಕಾರಿ ತಕ್ಕಡಿಯ ಹಾಗೆ ಎರಡೂ ಕಡೆ ಸಮ ಆದಾಗ ಬ್ರಿಡ್ಜ್ ನಿಲ್ಲುತ್ತದೆ.

ಎಷ್ಟು ಭಾರದ ತಕ್ಕಡಿ ಗೊತ್ತಾ? 9-42 ಅಳತೆಯ, ಅಂದರೆ ತೀರಾ ತೆಳು ತಂತಿ ಇಂಚಿನ ಸಾವಿರದ 9 ಭಾಗ, ತೀರಾ ದಪ್ಪದ್ದು 42 ಭಾಗ ಇರುವ, ಮಾಮೂಲಿ ತಂತಿಗಳ ಸೆಟ್ ಶ್ರುತಿಯಲ್ಲಿದ್ದಾಗ ಆರೂ ಸೇರಿ ಸುಮಾರು 38 ಕೆ.ಜಿ. ಎಳೆತ ಕೊಡುತ್ತವೆ. 10-46 ಸೆಟ್ ಹಾಕಿದರೆ ಅದು ಸುಮಾರು 46 ಕೆ.ಜಿ. ಆಗುತ್ತದೆ. ಸ್ಪ್ರಿಂಗ್‌ಗಳಿಗೆ ಅಷ್ಟೇ ಬಲ ಬೇಕಿಲ್ಲ, ಯಾಕೆಂದರೆ ಅವು ಕೀಲಿನಿಂದ ದೂರದಲ್ಲಿ ಎಳೆಯುತ್ತವೆ. ಸನ್ನೆಗೋಲಿನ ಲೆಕ್ಕ. ಆದರೆ ಒಂದು ಕಡೆ ಬದಲಾದರೆ ಇನ್ನೊಂದು ಕಡೆಯೂ ಬದಲಾಗಲೇಬೇಕು. ತಂತಿಯ ದಪ್ಪ ಬದಲಿಸಿ ಸ್ಪ್ರಿಂಗ್ ಮುಟ್ಟದೆ ಬಿಟ್ಟರೆ ಬ್ರಿಡ್ಜ್‌ನ ಹಿಂಭಾಗ ಎದ್ದು ನಿಲ್ಲುವುದು ಇದಕ್ಕೇ.

ತಕ್ಕಡಿ ಅನ್ನುವುದನ್ನು ಕಿವಿಯಲ್ಲೇ ಕೇಳಬೇಕಾ? ತೇಲುವ, ಅಂದರೆ ದೇಹಕ್ಕೆ ಆನದೆ ತುಸು ಎದ್ದು ನಿಂತ, ಬ್ರಿಡ್ಜ್ ಇರುವ ಗಿಟಾರ್‌ನಲ್ಲಿ ದಪ್ಪ ಇ ತಂತಿ ಮೀಟಿ. ಅದು ಮೊಳಗುತ್ತಿರುವಾಗಲೇ ಜಿ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆಯಿರಿ. ನೀವು ಮುಟ್ಟದ ಇ ತಂತಿಯ ಸ್ವರ ಮೆಲ್ಲಗೆ ಕುಸಿಯುತ್ತದೆ. ಜಿ ಕಡೆ ಭಾರ ಹೆಚ್ಚಾಯಿತು, ತಕ್ಕಡಿ ವಾಲಿತು, ಉಳಿದ ತಂತಿಗಳು ಸಡಿಲವಾದವು. ಒಂದು ತಂತಿ ಕಿತ್ತುಹೋದರೆ ಉಳಿದ ಐದೂ ಮೇಲೇರುವುದು, ಶ್ರುತಿ ಕೂಡಿಸಲು ನಾಲ್ಕೈದು ಸುತ್ತು ಬೇಕಾಗುವುದು, ಎಲ್ಲಕ್ಕೂ ಇದೇ ಕಾರಣ. ಇದು ದೋಷವಲ್ಲ. ಲಕ್ಷ ರೂಪಾಯಿ ಗಿಟಾರ್‌ನಲ್ಲೂ ಹೀಗೇ. ವೀಣೆಯಲ್ಲಿ ಕುದುರೆ ಅಲ್ಲಾಡುವುದಿಲ್ಲ, ಎಳೆದ ತಂತಿಯೊಂದೇ ಹೋಗಿ ಬರುತ್ತದೆ. ಇಲ್ಲಿ ಕುದುರೆಯೇ ಅಲ್ಲಾಡುತ್ತದೆ, ಅಷ್ಟೇ ವ್ಯತ್ಯಾಸ.

ಒಂದು ಕಪ್ಪು ಗಿಟಾರ್, ಎರಡು ರೋಗ

ಹೋದ ಮಾರ್ಚ್‌ನಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳ ಕಪ್ಪು ಗಿಟಾರ್ ನಮ್ಮ ಮೇಜಿನ ಮೇಲೆ ಬಂತು. ಆರು ಸ್ಕ್ರೂ ಬ್ರಿಡ್ಜ್. ಶ್ರುತಿ ನಿಲ್ಲುತ್ತಿಲ್ಲ ಅಂತ ಯಾರೋ ಹೇಳಿ ತಲೆಯ ಮೇಲೆ ತಂತಿ ಬಿಗಿಯುವ ಆರೂ ಟ್ಯೂನರ್ ಬದಲಾಯಿಸಿದ್ದರು. ಅವಳ ತಿಂಗಳುಗಳ ಪಾಕೆಟ್ ಮನಿ ಅದಕ್ಕೇ ಹೋಗಿತ್ತು. ತೊಂದರೆ ಮಾತ್ರ ಹಾಗೇ ಇತ್ತು.

ಮೊಬೈಲ್‌ನಲ್ಲಿ ಶ್ರುತಿ ತೋರಿಸುವ ಟ್ಯೂನರ್ ಆ್ಯಪ್ ಆನ್ ಮಾಡಿ ಆರೂ ತಂತಿ ಕೂಡಿಸಿದೆ. ಬಾರ್ ಪೂರ್ತಿ ಒತ್ತಿ ಮೆಲ್ಲಗೆ ಬಿಟ್ಟೆ. ಒಂದೊಂದೇ ತಂತಿ ಮೀಟಿ ನೋಡಿದೆ. ಡಿ ತಂತಿ 12 ಸೆಂಟ್ ಮೇಲೆ ನಿಂತಿತ್ತು. ಅರ್ಧ ಸ್ವರಕ್ಕೆ 100 ಸೆಂಟ್, ಹಾಗಾಗಿ 12 ಅಂದರೆ ಕಿವಿಗೆ ಚೆನ್ನಾಗೇ ಗೊತ್ತಾಗುತ್ತದೆ. ಅದೇ ಡಿ ತಂತಿಯನ್ನು ಬೆರಳಿನಿಂದ ಜೋರಾಗಿ ಎಳೆದು ಬಿಟ್ಟೆ. ಈಗ ಶ್ರುತಿಗಿಂತ ಕೆಳಗೆ. ನಟ್ ಹತ್ತಿರ ಕಿವಿ ಇಟ್ಟು ಮತ್ತೆ ಟ್ಯೂನ್ ಮಾಡಿದಾಗ ‘ಟಿಂಕ್’ ಅಂತ ಸಣ್ಣ ಸದ್ದು.

ಆ ಸದ್ದಿನಲ್ಲೇ ಉತ್ತರ ಇತ್ತು. ಬಾರ್ ಒತ್ತಿದಾಗ ತಂತಿ ಸಡಿಲವಾಗುತ್ತದೆ. ನಟ್‌ನ ಆಚೆ, ಟ್ಯೂನರ್ ಕಡೆ ಇರುವ ಚೂರು ಇನ್ನೂ ಬಿಗಿಯಾಗಿರುತ್ತದೆ. ಅದು ತಂತಿಯನ್ನು ತುಸು ತನ್ನ ಕಡೆ ಎಳೆದುಕೊಳ್ಳುತ್ತದೆ. ಬಾರ್ ಬಿಟ್ಟಾಗ ಅಷ್ಟೇ ತಂತಿ ವಾಪಸ್ ಜಾರಬೇಕು. ನಟ್‌ನ ಸೀಳು ಹಿಡಿದುಕೊಂಡರೆ ಜಾರುವುದಿಲ್ಲ. ನುಡಿಸುವ ಭಾಗದಲ್ಲಿ ತಂತಿ ಕಡಿಮೆಯಾಯಿತು, ಬಿಗಿ ಜಾಸ್ತಿಯಾಯಿತು, ಸ್ವರ ಏರಿತು. ಬೆರಳಿನಿಂದ ಎಳೆದಾಗ ಇದರ ಉಲ್ಟಾ. ತಂತಿ ಈಚೆ ಬರುತ್ತದೆ, ಆಚೆ ಹೋಗುವುದಿಲ್ಲ, ಸ್ವರ ಇಳಿಯುತ್ತದೆ. ಆದ್ದರಿಂದ ಇದನ್ನು ಬಾಯಿಪಾಠ ಮಾಡಿಕೊಳ್ಳಿ: ಬಾರ್ ಒತ್ತಿದ ಮೇಲೆ ಒಂದೇ ತಂತಿ ಮೇಲೇರಿ, ಎಳೆದ ಮೇಲೆ ಅದೇ ತಂತಿ ಕೆಳಗಿಳಿದರೆ ಕಳ್ಳ ನಟ್‌ನಲ್ಲಿದ್ದಾನೆ. ಟ್ಯೂನರ್‌ನಲ್ಲಲ್ಲ.

ಅವಳನ್ನು ಕೇಳಿದೆ, ತಂತಿ ಬದಲಾಯಿಸಿದ್ದೆಯಾ? ಹೌದು, 9ರ ಸೆಟ್ ತೆಗೆದು 10ರದು ಹಾಕಿದ್ದಳು. 9-42 ಸೆಟ್‌ನಲ್ಲಿ ಡಿ ತಂತಿ 24, 10-46ರಲ್ಲಿ 26. ಇಂಚಿನ ಸಾವಿರದ ಎರಡು ಭಾಗ ವ್ಯತ್ಯಾಸ. ಅಷ್ಟಕ್ಕೇ ಸೀಳು ಇಕ್ಕಟ್ಟಾಗಿ, ಸುತ್ತು ತಂತಿಯ ಸುರುಳಿಗಳು ಪ್ಲಾಸ್ಟಿಕ್‌ಗೆ ಹಲ್ಲು ಹಾಕಿ ಕೂತಿದ್ದವು. ಹಳೇ ತಂತಿಯ ಚೂರಿಗೆ ನುಣುಪಾದ ಉಪ್ಪುಕಾಗದ ಸುತ್ತಿ ಸೀಳನ್ನು ನಾಲ್ಕೈದು ಸಲ ಉಜ್ಜಿದೆ, ಅಗಲಕ್ಕೆ ಮಾತ್ರ, ಆಳಕ್ಕಲ್ಲ. ಆಮೇಲೆ ಅವಳ ಪೆನ್ಸಿಲ್ ಬಾಕ್ಸಿನ 6ಬಿ ಪೆನ್ಸಿಲ್‌ನಿಂದ ಸೀಳಿನೊಳಗೆ ಚೆನ್ನಾಗಿ ಗೀಚಿದೆ. ಪೆನ್ಸಿಲ್ ಸೀಸ ಅಂದರೆ ಗ್ರಾಫೈಟ್, ಒಳ್ಳೆಯ ಜಾರುಪುಡಿ. ತಲೆಯ ಮೇಲೆ ತೆಳು ತಂತಿಗಳನ್ನು ಒತ್ತಿ ಹಿಡಿಯುವ ಸಣ್ಣ ಕೊಕ್ಕೆ, ಅಂದರೆ ಸ್ಟ್ರಿಂಗ್ ಟ್ರೀ, ಅದರ ಅಡಿಗೂ ಸವರಿದೆ. ಡಿ ತಂತಿ ಅದರ ಜಾಗಕ್ಕೆ ಬಂತು.

ಆದರೆ ಈಗ ಇನ್ನೊಂದು ಕಂಡಿತು. ಬಾರ್ ಒತ್ತಿ ಬಿಟ್ಟರೆ ಆರೂ ತಂತಿ ಒಟ್ಟಿಗೆ ನಾಲ್ಕೈದು ಸೆಂಟ್ ಕೆಳಗೆ. ಎಲ್ಲವೂ ಒಂದೇ ದಿಕ್ಕಿಗೆ ಸರಿದಿದ್ದರೆ ಅದು ತಂತಿಗಳ ತಪ್ಪಲ್ಲ. ಬ್ರಿಡ್ಜೇ ಪೂರ್ತಿ ವಾಪಸ್ ಬಂದಿಲ್ಲ. ನೋಡಿದರೆ ಆರೂ ಸ್ಕ್ರೂಗಳನ್ನು ತಲೆ ತಟ್ಟೆಗೆ ಅಂಟುವಷ್ಟು ಬಿಗಿದಿದ್ದರು. ಕೀಲು ಬಿಗಿಯಾದರೆ ಬಾಗಿಲು ತೂಗುವುದು ಹೇಗೆ? ತಂತಿಗಳನ್ನು ಸಡಿಲಿಸಿ ನಡುವಿನ ನಾಲ್ಕು ಸ್ಕ್ರೂಗಳನ್ನು ಒಂದೊಂದು ಸುತ್ತು ಮೇಲೆತ್ತಿದೆ. ಎರಡು ಕೊನೆಯ ಸ್ಕ್ರೂಗಳ ತಲೆ ತಟ್ಟೆಗೆ ಬರೀ ತಾಗುವಷ್ಟು ಬಿಟ್ಟೆ. ಈಗ ಬ್ರಿಡ್ಜ್ ಆ ಎರಡರ ಮೇಲೆ ತೂಗುತ್ತದೆ, ಉಳಿದ ನಾಲ್ಕು ಪಕ್ಕಕ್ಕೆ ಜರುಗದಂತೆ ಕಾಯುತ್ತವೆ. ಮತ್ತೆ ಕೂಡಿಸಿ, ಬಾರ್ ಒತ್ತಿ ಬಿಟ್ಟೆ. ಮೊಬೈಲ್ ಟ್ಯೂನರ್‌ನ ಮುಳ್ಳು ಹಸಿರಿನಲ್ಲೇ ನಿಂತಿತು. ಆರು ತಂತಿಗೂ.

ಖರ್ಚಾಗಿದ್ದು ಒಂದು ಪೆನ್ಸಿಲ್ ತುದಿ.

ಸರಿ ಮಾಡಲಾಗದ್ದೂ ಇದೆ

ಎಲ್ಲ ಬ್ರಿಡ್ಜೂ ಹೀಗೆ ಮಾತು ಕೇಳುವುದಿಲ್ಲ. ಅಂಗಡಿಯಲ್ಲಿ ಹಿಂದಿನ ಪ್ಲಾಸ್ಟಿಕ್ ಮುಚ್ಚಳದ ಸಂದಿನಿಂದ ಬ್ಲಾಕ್ ಕಾಣುತ್ತದೆ. ಒಂದು ಸಣ್ಣ ಆಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ. ಬಲವಾಗಿ ಅಂಟಿದರೆ ಉಕ್ಕು. ಅಂಟದಿದ್ದರೆ ಹಿತ್ತಾಳೆ ಇರಬಹುದು, ಆದರೆ ಈ ಬೆಲೆಯಲ್ಲಿ ಸಾಮಾನ್ಯವಾಗಿ ಅದು ಎರಕ ಹೊಯ್ದ ಜಿಂಕ್ ಮಿಶ್ರಲೋಹ. ಉಕ್ಕಿನ ಬ್ಲಾಕ್‌ನಿಂದ ನಾದ ಜಾಸ್ತಿ ಹೊತ್ತು ನಿಲ್ಲುತ್ತದೆ ಅಂತ ಬಹಳ ಜನ ಹೇಳುತ್ತಾರೆ. ನನಗೆ ಆ ವ್ಯತ್ಯಾಸ ದೊಡ್ಡದು ಅನ್ನಿಸಿಲ್ಲ. ನನ್ನ ಚಿಂತೆ ಬೇರೆ. ಬಾರ್ ತಿರುಗಿಸಿ ಕೂರಿಸುವ ರಂಧ್ರದ ಮರೆ, ಅಂದರೆ ಒಳಗಿನ ತಿರುಪಿನ ಗೆರೆಗಳು, ಈ ಮೆತ್ತನೆ ಲೋಹದಲ್ಲಿ ಬೇಗ ಸವೆಯುತ್ತದೆ. ಬಾರ್ ಲೊಡಲೊಡ ಅಂತ ಅಲ್ಲಾಡಲು ಶುರುವಾಗುತ್ತದೆ. ಸ್ವಲ್ಪ ಸಡಿಲ ಇದ್ದರೆ ನಲ್ಲಿ ರಿಪೇರಿಯ ಟೆಫ್ಲಾನ್ ಟೇಪ್ ಎರಡು ಸುತ್ತು ಸುತ್ತಿ ಕೂರಿಸಿ, ನಿಲ್ಲುತ್ತದೆ. ಮರೆ ಪೂರ್ತಿ ಹೋಗಿದ್ದರೆ ಬ್ಲಾಕ್ ಬದಲಾಯಿಸಬೇಕು.

ಬದಲಾಯಿಸುವ ಮುಂಚೆ ಅಳತೆ ತೆಗೆದುಕೊಳ್ಳಿ. ಎರಡು ಕೊನೆಯ ಸ್ಕ್ರೂಗಳ ನಡುವಿನ ದೂರ ಹಳೇ ಫೆಂಡರ್ ಮಾದರಿಯಲ್ಲಿ ಸುಮಾರು 56 ಮಿ.ಮೀ. ಏಷ್ಯಾದ ಎಷ್ಟೋ ಗಿಟಾರ್‌ಗಳಲ್ಲಿ ಅದು 52 ರಿಂದ 54 ಮಿ.ಮೀ. ಇನ್ನು ದೇಹದ ದಪ್ಪ. ಮಾಮೂಲಿ ಸ್ಟ್ರಾಟ್ ದೇಹ ಸುಮಾರು 44 ಮಿ.ಮೀ. ತೀರಾ ಅಗ್ಗದವು ಇನ್ನೂ ತೆಳು. ಅಂಥದಕ್ಕೆ ಪೂರ್ತಿ ಉದ್ದದ ಬ್ಲಾಕ್ ತಂದರೆ ಹಿಂದಿನಿಂದ ಹೊರಗೆ ಇಣುಕುತ್ತದೆ. ಅಳತೆ ನೋಡದೆ ಆನ್‌ಲೈನ್‌ನಲ್ಲಿ ತರಿಸಿ ವಾಪಸ್ ಕಳಿಸಿದವರು ನನಗೇ ನಾಲ್ಕು ಜನ ಗೊತ್ತು.

ಕೆಲವು ಗಿಟಾರ್‌ಗಳಲ್ಲಿ ಆರು ಸ್ಕ್ರೂ ಬದಲು ಎರಡು ದಪ್ಪ ಕಂಬ ಇರುತ್ತವೆ. ತಟ್ಟೆಯ ಅಂಚು ಚಾಕುವಿನಂತೆ ಚೂಪಾಗಿ ಆ ಕಂಬಗಳ ಕಂಠಕ್ಕೆ ಆತುಕೊಳ್ಳುತ್ತದೆ. ಆತುಕೊಳ್ಳುವ ಜಾಗ ಕಡಿಮೆ, ಹಾಗಾಗಿ ಉಜ್ಜುವುದೂ ಕಡಿಮೆ. ಚೆನ್ನಾಗಿ ಮಾಡಿದ್ದರೆ ಇದು ಆರು ಸ್ಕ್ರೂಗಿಂತ ನಯವಾಗಿ ತೂಗುತ್ತದೆ. ಆದರೆ ಇಡೀ ಎಳೆತ ಆ ಎರಡು ಕಂಬಗಳ ಮೇಲೆ. ದೇಹದ ಮರ ಬಾಸ್‌ವುಡ್‌ನಂಥ ಮೆತ್ತನೆಯದಾದರೆ ಕಂಬ ಮುಂದಕ್ಕೆ ವಾಲಬಹುದು. ಕಂಬದ ಬುಡದಲ್ಲಿ ಪೇಂಟ್ ಬಿರುಕು ಬಿಟ್ಟಿದೆಯಾ ನೋಡಿ. ಮರದಿಂದ ನಾದ ಬದಲಾಗುತ್ತಾ ಅನ್ನುವ ವಾದ ಮುಗಿಯುವಂಥದ್ದಲ್ಲ. ಮರ ಸ್ಕ್ರೂ ಹಿಡಿಯುತ್ತಾ ಅನ್ನುವುದು ಮಾತ್ರ ಖಂಡಿತ ಮುಖ್ಯ.

ಇನ್ನು ಫ್ಲಾಯ್ಡ್ ರೋಸ್. ಅರಮನೆ ಮೈದಾನದಲ್ಲಿ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಬ್ಯಾಂಡ್‌ಗಳು ನುಡಿಸಿದ ಮೇಲೆ ಈ ಊರಿನ ಎಷ್ಟೋ ಹುಡುಗರಿಗೆ ಬೇಕಾಗಿದ್ದು ಇದೇ ಬ್ರಿಡ್ಜ್. ತಂತಿ ನೆಲಕ್ಕೆ ಬೀಳುವಷ್ಟು ಸಡಿಲಿಸಿ, ಮತ್ತೆ ಆಕಾಶಕ್ಕೆ ಎಳೆದರೂ ಶ್ರುತಿ ಕದಲದ ಯಂತ್ರ. 1970ರ ದಶಕದ ಕೊನೆಯಲ್ಲಿ ಫ್ಲಾಯ್ಡ್ ರೋಸ್ ಎಂಬ ಗಿಟಾರ್ ವಾದಕರು ಮಾಡಿದ್ದು, 1979ರಲ್ಲಿ ಪೇಟೆಂಟ್ ಸಿಕ್ಕಿತು. ಜಾರುವುದರಿಂದ ತೊಂದರೆ ಬರುವುದಾದರೆ ಜಾರಲೇ ಬಿಡಬಾರದು ಅನ್ನುವುದು ಅವರ ಯೋಚನೆ. ನಟ್‌ನಲ್ಲಿ ಸ್ಕ್ರೂ ಬಿಗಿದು ತಂತಿಗಳನ್ನು ಬೀಗ ಹಾಕುತ್ತಾರೆ, ಬ್ರಿಡ್ಜ್‌ನಲ್ಲೂ ಬೀಗ. ನಂತರದ ಸಣ್ಣ ಹೊಂದಾಣಿಕೆಗೆ ಬ್ರಿಡ್ಜ್ ಮೇಲೇ ಪುಟ್ಟ ತಿರುಪುಗಳು.

ಅದು ನಿಲ್ಲಬೇಕಾದರೆ ಆ ಚಾಕು ಅಂಚು ಗಟ್ಟಿ ಉಕ್ಕಿನದಾಗಿರಬೇಕು, ಹದ ಹಾಕಿರಬೇಕು. ಅಗ್ಗದ ನಕಲಿನಲ್ಲಿ ಉಳಿತಾಯ ಆಗುವುದು ಅಲ್ಲೇ. ಮೆತ್ತನೆ ಲೋಹದ ಅಂಚು ಕೆಲವು ತಿಂಗಳಲ್ಲಿ ಮೊಂಡಾಗುತ್ತದೆ. ಆಮೇಲೆ ಬಾರ್ ಕೆಳಗೆ ಒತ್ತಿ ಬಿಟ್ಟರೆ ಒಂದು ಜಾಗ, ಮೇಲಕ್ಕೆ ಎಳೆದು ಬಿಟ್ಟರೆ ಇನ್ನೊಂದು ಜಾಗ. ಇದಕ್ಕೆ ಪೆನ್ಸಿಲ್ ಇಲ್ಲ, ಎಣ್ಣೆಯೂ ಇಲ್ಲ. ಹಾಗಾಗಿ 30 ಸಾವಿರದ ಒಳಗೆ ಹೆಸರಿಲ್ಲದ ಲಾಕಿಂಗ್ ಬ್ರಿಡ್ಜ್ ಇರುವ ಗಿಟಾರ್ ಬೇಡ ಅಂತಲೇ ನನ್ನ ಸಲಹೆ. ಮೊದಲ ಗಿಟಾರ್ ಆದರಂತೂ ಖಂಡಿತ ಬೇಡ. ತಂತಿ ಬದಲಾಯಿಸಲು ಅರ್ಧ ಸಂಜೆ ಹೋಗುತ್ತದೆ, ಕಲಿಯುವ ಉತ್ಸಾಹವೂ ಅದರ ಜೊತೆ ಹೋಗುತ್ತದೆ.

ಕಲಿಯುವವರಿಗೆ ನಾನು ಮಾಡಿಕೊಡುವುದು ಒಂದೇ. ಹಿಂದಿನ ಮುಚ್ಚಳ ತೆಗೆದರೆ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಪಂಜದಂಥ ತಗಡು ಕಾಣುತ್ತದೆ, ಅದಕ್ಕೆ ಎರಡು ಉದ್ದ ಸ್ಕ್ರೂ. ಅವನ್ನು ಸಮನಾಗಿ ಬಿಗಿಯುತ್ತಾ ಹೋದರೆ ಬ್ರಿಡ್ಜ್ ದೇಹದ ಮೇಲೆ ಮಟ್ಟಸವಾಗಿ ಕೂರುತ್ತದೆ. ಬೇಕಾದರೆ ಇನ್ನೊಂದು ಸ್ಪ್ರಿಂಗ್ ಸೇರಿಸಿ. ಆಗ ಬಾರ್ ಕೆಳಗೆ ಮಾತ್ರ ಹೋಗುತ್ತದೆ, ಮೇಲಕ್ಕೆ ಬರುವುದಿಲ್ಲ. ಬದಲಿಗೆ ಒಂದು ತಂತಿ ಕಿತ್ತರೂ ಉಳಿದವು ಶ್ರುತಿಯಲ್ಲೇ ಇರುತ್ತವೆ. ಹಾಡಿನ ಮಧ್ಯೆ ಅದರ ಬೆಲೆ ಗೊತ್ತಾಗುತ್ತದೆ. ಕೈ ಪಳಗಿದ ಮೇಲೆ ಅದೇ ಸ್ಕ್ರೂಗಳನ್ನು ಸಡಿಲಿಸಿ ಬ್ರಿಡ್ಜ್‌ನ ಹಿಂಭಾಗವನ್ನು 2–3 ಮಿ.ಮೀ. ತೇಲಿಸಿಕೊಳ್ಳಬಹುದು.

ಯಾವ ಗಿಟಾರ್ ತರಲಿ ಅಂತ ಕೇಳುವವರಿಗೆ: ಯಮಾಹಾ ಪೆಸಿಫಿಕಾ, ಸ್ಕ್ವಯರ್ ಅಫಿನಿಟಿ, ಕಾರ್ಟ್‌ನ ಜಿ ಸರಣಿ, ಐಬನೆಜ್‌ನ ಜಿಯೊ ಸರಣಿ ಇವೆಲ್ಲ ನೋಡಬೇಕಾದ ಹೆಸರುಗಳು. ಆದರೆ ಒಂದೇ ಮಾದರಿಯ ಎರಡು ಗಿಟಾರ್ ಒಂದೇ ತರಹ ಇರುವುದಿಲ್ಲ. ಅಂಗಡಿಯಲ್ಲಿ ಮೂರು ಇದ್ದರೆ ಮೂರನ್ನೂ ಇಳಿಸಿ ನೋಡಲು ಕೇಳಿ. ಬಾರ್ ಡಬ್ಬದೊಳಗೇ ಇದೆ ಅಂದರೆ ತೆಗೆಸಿ, ಹಾಕಿ ನೋಡಿ. ಕೊಳ್ಳುವವರು ನೀವು, ಸಂಕೋಚ ಬೇಡ. ಒತ್ತುವ ಮುಂಚೆ ಒಂದು ಮಾತು: ಹೊಸ ತಂತಿ ಹಿಗ್ಗುತ್ತದೆ, ಅದು ಗಿಟಾರ್‌ನ ತಪ್ಪಲ್ಲ. ಪ್ರತಿ ತಂತಿಯನ್ನೂ ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ಎಳೆದು, ಮತ್ತೆ ಕೂಡಿಸಿ, ಹೀಗೆ ಮೂರು ಸಲ ಮಾಡಿದ ಮೇಲೆ ಪರೀಕ್ಷೆ ಮಾಡಿ.

ಈಗ ಆಂಪ್‌ಗೆ ಪ್ಲಗ್ ಹಾಕಿ. ಎಲ್ಲ ನಾಬ್ ತಿರುಗಿಸಿ. ಕರಕರ ಅಂದರೆ ಧೂಳು. ಎಸ್‌ಪಿ ರೋಡ್‌ನಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಹೊಡೆದರೆ ಹೋಗುತ್ತದೆ. ಸ್ವಿಚ್‌ನ ಐದೂ ಜಾಗ ನೋಡಿ. ಒಂಟಿ ಕಾಯಿಲ್ ಪಿಕಪ್‌ಗಳು ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದನ್ನು ಹಿಡಿಯುತ್ತವೆ, ಅದು ಸಹಜ. ಎರಡನೇ, ನಾಲ್ಕನೇ ಜಾಗದಲ್ಲಿ ಆ ಸದ್ದು ತಗ್ಗಿದರೆ ನಡುವಿನ ಪಿಕಪ್ ಉಲ್ಟಾ ಸುತ್ತಿದೆ, ಒಳ್ಳೆಯದೇ. ಆಮೇಲೆ ತಂತಿಗಳ ಮೇಲೆ ಅಂಗೈ ಇಡಿ. ಗುಂಯ್ ಕಡಿಮೆಯಾಗಬೇಕು. ಆಗದಿದ್ದರೆ ತಂತಿಗಳಿಗೆ ಅರ್ತ್ ಸಿಗುತ್ತಿಲ್ಲ. ಹಿಂದಿನ ಮುಚ್ಚಳ ತೆಗೆದು ಆ ಪಂಜದ ತಗಡನ್ನು ನೋಡಿ, ಅದಕ್ಕೆ ಒಂದು ಸಣ್ಣ ವೈರ್ ಬೆಸುಗೆ ಹಾಕಿರುತ್ತಾರೆ. ಸ್ಪ್ರಿಂಗ್, ಬ್ಲಾಕ್, ಬ್ರಿಡ್ಜ್ ದಾಟಿ ತಂತಿಗೆ ಅರ್ತ್ ಹೋಗುವ ದಾರಿ ಅದೇ. ಬಹಳ ಸಲ ಬಿಟ್ಟುಕೊಂಡಿರುವುದು ಅದೊಂದೇ, ಒಂದು ಚಿಟಿಕೆ ಬೆಸುಗೆಯ ಕೆಲಸ.